ದೊಡ್ಡಪ್ಪನ ಸೆವೆನ್ ಐರನ್

ಐವತ್ತು ದಾಟಿದ ಮೇಲೆ ನನಗೆ ಹೊಸ ಐರನ್ ಸೆಟ್ಟಿನ, ಅಂದರೆ ಕಬ್ಬಿಣದ ತಲೆಯ ಗಾಲ್ಫ್ ಕೋಲುಗಳ, ಹುಚ್ಚು ಹತ್ತಿತು. ದೇವನಹಳ್ಳಿ ಕಡೆಯ ಒಂದು ಗಾಲ್ಫ್ ಕೋರ್ಸಿನಲ್ಲಿ ನಾನು ಕ್ಯಾಡಿ. ಬೇರೆಯವರ ಬ್ಯಾಗು ಹೊತ್ತು, ಎಷ್ಟು ಗಜಕ್ಕೆ ಯಾವ ನಂಬರಿನ ಕೋಲು ಎಂದು ಹೇಳಿಯೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಸೋಮವಾರ ಮೆಂಬರುಗಳಿಗೆ ರಜೆ, ಅಂದು ಕೆಲಸದವರು ಆಡಬಹುದು. ಆದರೆ ಈಚೆಗೆ ನನ್ನ ಸೆವೆನ್‌ನಿಂದ ಹೊಡೆದ ಚೆಂಡು ನಮ್ಮಲ್ಲಿರುವ ಕುಂಟೆಯ ನೀರನ್ನು ದಾಟುತ್ತಿರಲಿಲ್ಲ.

ಬೆಂಗಳೂರಿನ ಅಂಗಡಿಗೆ ಹೋದಾಗ ಹೋಲಿಸಿ ನೋಡಲಿಕ್ಕೆಂದು ದೊಡ್ಡಪ್ಪನ ಹಳೆಯ ಸೆವೆನ್ನನ್ನೂ ಒಯ್ದಿದ್ದೆ. ಅಂಗಡಿಯವನು ಹೊಸದೊಂದನ್ನು ಕೈಗಿಟ್ಟು ಬಲೆಯ ಮುಂದೆ ಹೊಡೆಸಿದ. ನನ್ನ ಮಾಮೂಲಿ ಹೊಡೆತಕ್ಕಿಂತ ಹದಿನೈದು ಗಜ ಹೆಚ್ಚು ಎಂದು ಪರದೆ ತೋರಿಸಿತು. ಅವನಿಗೆ ಸಂಭ್ರಮ, ನನಗೆ ಸಿಟ್ಟು. ಲಾಫ್ಟ್ ಎಷ್ಟು ಎಂದು ಕೇಳಿದೆ. ಲಾಫ್ಟ್ ಎಂದರೆ ಐರನ್ನಿನ ಮುಖ ಎಷ್ಟು ಹಿಂದಕ್ಕೆ ಒರಗಿದೆ ಎಂಬ ಲೆಕ್ಕ. ಹೆಚ್ಚು ಒರಗಿದ್ದರೆ ಚೆಂಡು ಮೇಲೇರಿ ಹತ್ತಿರದಲ್ಲೇ ಬೀಳುತ್ತದೆ, ನೆಟ್ಟಗಿದ್ದರೆ ದೂರ ಹೋಗುತ್ತದೆ. ನಮ್ಮ ಕಾಲದ ಸೆವೆನ್ ಮೂವತ್ತಾರು ಡಿಗ್ರಿ, ಆರನೆಯದು ಮೂವತ್ತೆರಡು. ಇವನ ಹೊಸ ಸೆವೆನ್ ಬರೀ ಮೂವತ್ತು! ಐದೂವರೆ ಎಂದು ಕರೆಯಬೇಕಾದ ಕೋಲಿಗೆ ಏಳು ಎಂದು ಮುದ್ರೆ ಒತ್ತಿ ಮೂರು ಪಟ್ಟು ಬೆಲೆ ಹೇಳುತ್ತಾರೆ. ಹಳೆಯ ಸೆಕೆಂಡ್ ಹ್ಯಾಂಡ್ ಸೆಟ್ಟು ಕೊಂಡು ಒಂದು ನಂಬರು ಕೆಳಗಿನದನ್ನು ಹಿಡಿದರೆ ಆ ಗಜಗಳೆಲ್ಲ ಪುಕ್ಕಟೆ ಸಿಗುತ್ತವೆ ಎಂದು ಅವನಿಗೆ ಉಪದೇಶ ಮಾಡಿದೆ. ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ ದೊಡ್ಡಪ್ಪನ ಸೆವೆನ್ನನ್ನು ಅಳತೆಯ ಮಾಪಕಕ್ಕೆ ಸಿಕ್ಕಿಸಿ, “ಸಾರ್, ಇದೂ ಮೂವತ್ತೇ ಇದೆ” ಅಂದ.

ಅದು ಮೂವತ್ತೆರಡು ಇರಬೇಕಿತ್ತು. ನನಗೆ ಗೊತ್ತು, ಏಕೆಂದರೆ ಅದನ್ನು ಕದ್ದುಮುಚ್ಚಿ ಬಗ್ಗಿಸಿದವನು ನಾನೇ.

ಅಪ್ಪ ಬೇಗ ಹೋದ ಮೇಲೆ ನನ್ನನ್ನು ಸಾಕಿದವರು ದೊಡ್ಡಪ್ಪ. ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಲ್ಲಿ ಹೊಲ ಉಳುತ್ತಿದ್ದವರು ಕೋರ್ಸಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಮೇಸ್ತ್ರಿಯಾಗಿ, ನನ್ನನ್ನೂ ಅಲ್ಲಿಗೆ ಸೇರಿಸಿದರು. ಊರು ಬಿಟ್ಟುಹೋದ ಮೆಂಬರೊಬ್ಬರು ಕೊಟ್ಟ ಹಳೆಯ ಸೆಟ್ಟು ಅವರದು. ಸೋಮವಾರ ಬಂತೆಂದರೆ ಪಂಚೆ ಬಿಟ್ಟು ಪ್ಯಾಂಟು ಹಾಕುತ್ತಿದ್ದರು. ಕುಂಟೆಯ ಹತ್ತಿರ ಎಲ್ಲರೂ ಐದೋ ಆರೋ ತೆಗೆದರೆ ಇವರು ಸೆವೆನ್ ತೆಗೆದು ಚೆಂಡನ್ನು ಆಚೆ ದಡಕ್ಕೆ ಹಾಕುತ್ತಿದ್ದರು.

ಅರವತ್ತೈದು ತುಂಬಿದ ಮೇಲೆ ಚೆಂಡು ದಡದ ಕೆಸರನ್ನು ಮುಟ್ಟತೊಡಗಿತು. ಒಂದು ದಿನ ಅವರು ಕೋಲನ್ನು ಒರೆಸುತ್ತಾ, “ಸೆವೆನ್ನು ನೀರಿಗೆ ಬಿದ್ದ ದಿನ ನಾನು ಬ್ಯಾಗ್ ಎತ್ತಿಟ್ಬಿಡ್ತೀನಿ ಕಣ್ಲಾ” ಅಂದರು. ಆರನೆಯದನ್ನು ತೆಗೆದುಕೊಳ್ಳಿ ಎಂದರೆ ಕೇಳುವ ಆಸಾಮಿಯಲ್ಲ. ವಾರವೆಲ್ಲ ಅವರು ಹುಲ್ಲಿನ ಹಿಂದೆ, ನಾನು ಬ್ಯಾಗುಗಳ ಹಿಂದೆ. ಇಬ್ಬರೂ ಜೊತೆಯಾಗಿ ನಡೆಯುತ್ತಿದ್ದುದು ಸೋಮವಾರ ಮಾತ್ರ. ಆಟ ಬಿಟ್ಟರೆ ಆ ನಡಿಗೆಯೂ ಹೋಗುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಗೆಳೆಯನೊಬ್ಬ ಕೋಲುಗಳಿಗೆ ಹಿಡಿ ಹಾಕಿಕೊಡುವ ಕೆಲಸವನ್ನೂ ಹಚ್ಚಿಕೊಂಡಿದ್ದ. ಪಕ್ಕದ ಮಗ್ಗಗಳ ಸದ್ದಿನಲ್ಲಿ ಅವನ ಕಿವಿಗೆ ಕೂಗಿ ಹೇಳಿ, ಸೆವೆನ್ನಿನ ಕುತ್ತಿಗೆ ಬಗ್ಗಿಸಿ ಮುಖವನ್ನು ಎರಡು ಡಿಗ್ರಿ ನೆಟ್ಟಗೆ ಮಾಡಿಸಿದೆ. ಮುಂದಿನ ಸೋಮವಾರ ಚೆಂಡು ಹುಲ್ಲಿಗೇ ಬಿತ್ತು. ಎರಡು ವರ್ಷದ ಮೇಲೆ ಮತ್ತೆ ಕೆಸರು. ಮತ್ತೆ ಎರಡು ಡಿಗ್ರಿ. ಇನ್ನು ಮುಟ್ಟಿದರೆ ಮುರಿದೀತು ಎಂದು ಅವನು ಹೇಳಿದ್ದರಿಂದ ಅಲ್ಲಿಗೆ ನಿಲ್ಲಿಸಿದೆ.

ಹೀಗೆ ದೊಡ್ಡಪ್ಪನ ಸೆವೆನ್ನೂ ಆರನೆಯದೂ ಒಂದೇ ಲಾಫ್ಟಿಗೆ ಬಂದವು. ಒಮ್ಮೆ ಎರಡರಿಂದಲೂ ಹೊಡೆದರು. ಚೆಂಡುಗಳು ಅಕ್ಕಪಕ್ಕದಲ್ಲೇ ಬಿದ್ದವು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ಏನೂ ಕೇಳಲಿಲ್ಲ. ಅಂದಿನಿಂದ ಆರನೆಯದನ್ನು ಬ್ಯಾಗಿನಿಂದ ತೆಗೆಯುವುದನ್ನೇ ಬಿಟ್ಟರು. ಇನ್ನೊಂದು ಅಭ್ಯಾಸವೂ ಆಗಲೇ ಶುರುವಾಯಿತು. ಕುಂಟೆಯ ಮೇಲೆ ಚೆಂಡು ಹಾರಿದೊಡನೆ ಅವರು ಚೆಂಡನ್ನು ನೋಡದೆ ನನ್ನ ಮುಖ ನೋಡುತ್ತಿದ್ದರು. ಕಣ್ಣು ಮಂಜಾಗಿದೆ, ದಾಟಿತೋ ಇಲ್ಲವೋ ಎಂದು ನನ್ನ ಮುಖದಲ್ಲೇ ತಿಳಿದುಕೊಳ್ಳುತ್ತಾರೆ ಎಂದು ನಾನು ಭಾವಿಸಿದ್ದೆ. ಹಾಗಾಗಿ ಹಲ್ಲು ಕಾಣುವಂತೆ ನಗುತ್ತಿದ್ದೆ. ಎಪ್ಪತ್ಮೂರನೇ ವಯಸ್ಸಿನವರೆಗೂ ಅವರ ಚೆಂಡು ನೀರಿಗೆ ಬೀಳಲೇ ಇಲ್ಲ. ಅವರು ತೀರಿಕೊಂಡು ಈಗ ಆರು ವರ್ಷ.

ಹಾಗಾದರೆ ಆ ಮಿಕ್ಕ ಎರಡು ಡಿಗ್ರಿ ಎಲ್ಲಿಂದ ಬಂತು? ಅಂಗಡಿಯಿಂದ ಹೊಸ ಸೆಟ್ಟು ಕೊಳ್ಳದೆ ನೇರ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ.

ಗೆಳೆಯ ಸೆವೆನ್ನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಈಗ ಅಲ್ಲಿ ಮಗ್ಗಗಳು ಕಡಿಮೆ, ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ.

“ನೀನು ಎರಡ್ನೇ ಸಲ ಬಗ್ಗಿಸ್ಕೊಂಡು ಹೋದ್ಯಲ್ಲ, ಒಂದ್ ವರ್ಷ ಬಿಟ್ಟು ನಿಮ್ ದೊಡ್ಡಪ್ಪನೇ ಬಂದಿದ್ರು ಗುರು,” ಅಂದ. “ಮುರೀತದೆ ಅಂದೆ. ಮುರಿದ್ರೆ ಮುರೀಲಿ, ಬಗ್ಸು ಅಂದ್ರು.”

ನೇಗಿಲ ಗುಳದ ಓರೆಯನ್ನು ಕಣ್ಣಳತೆಯಲ್ಲೇ ಹಿಡಿಯುತ್ತಿದ್ದ ಮನುಷ್ಯ. ಮೊದಲ ಎರಡು ಡಿಗ್ರಿಯೇ ಅವರಿಗೆ ಗೊತ್ತಾಗಿತ್ತಂತೆ. ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಆಣೆ ಹಾಕಿಸ್ಕೊಂಡಿದ್ರು. ‘ನಂಗೆ ಆಟ ಸಾಕಾಗೋಯ್ತು ಕಣಪ್ಪ, ಮಂಡಿ ನೋಯ್ತದೆ. ಆದ್ರೆ ಬಾಲು ದಾಟಿದ್ರೆ ನಮ್ ಹೈದ ನಗ್ತಾನೆ’ ಅಂದ್ರು.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಮೊದಲಿನ ಲಾಫ್ಟಿಗೆ ತಿರುಗಿಸಿ ಕೊಡಲೇ ಎಂದು ಗೆಳೆಯ ಕೇಳಿದ. ಬೇಡ, ಹಾಗೇ ಇರಲಿ ಎಂದೆ.

ಮುಂದಿನ ಸೋಮವಾರ ಕುಂಟೆಯ ಹತ್ತಿರ ದೊಡ್ಡಪ್ಪನ ಸೆವೆನ್ನನ್ನೇ ತೆಗೆದೆ. ಅವರ ಕೈಬೆವರಿಗೆ ಕಪ್ಪಾಗಿದ್ದ ಹಿಡಿಯನ್ನು ಬದಲಿಸಿರಲಿಲ್ಲ. ಚೆಂಡು ಸರಾಗವಾಗಿ ದಾಟಿ ಆಚೆಯ ಹುಲ್ಲಿನ ಮೇಲೆ ಕುಳಿತಿತು. ನಾನು ಪಕ್ಕಕ್ಕೆ ತಿರುಗಿದೆ. ನೋಡಲು ಅಲ್ಲಿ ಯಾರ ಮುಖವೂ ಇರಲಿಲ್ಲ.