ರತ್ನವ್ವ ಕಾಕಿಯ ಹಾಲು

ರತ್ನವ್ವ ಕಾಕಿಯ ಎಮ್ಮೆಯ ಹಾಲಿನಲ್ಲಿ ವಿಷ ಇರಲಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಹನ್ನೆರಡು ವರ್ಷ ಹೇಳಲಿಲ್ಲ.

ಆಗ ನಾನು ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದ ದನದ ಹಾಲಿಗೆ ಒಂದು ವಿಷ ಇಳಿಯುತ್ತದೆ. ಅದು ಲವಲೇಶವಿದ್ದರೂ ಹಿಡಿಯಬಲ್ಲ ಪರೀಕ್ಷೆಯನ್ನು ನಾವು ರೂಪಿಸುತ್ತಿದ್ದೆವು. ಮಾದರಿಗೆಂದು ನಮ್ಮೂರು ಸಂಶಿಯ ಮನೆಮನೆಯಿಂದ ಹಾಲು ತಂದೆ. ನಮ್ಮ ಓಣಿಯ ಕಾಕಿಯ ಹಾಲಿನಲ್ಲಿ ಮಾತ್ರ ವಿಷ ಕಾಣಿಸಿತು. ಹೆಮ್ಮೆಯಿಂದ — ಹೌದು, ಹೆಮ್ಮೆಯಿಂದಲೇ — ಊರಿನ ಡೇರಿಗೆ ಫೋನ್ ಮಾಡಿದೆ. ಮರುದಿನದಿಂದ ಅವರು ಕಾಕಿಯ ಹಾಲು ತೆಗೆದುಕೊಳ್ಳಲಿಲ್ಲ.

ಎರಡು ದಿನದ ಮೇಲೆ, ಬರೀ ಶುದ್ಧ ನೀರು ಹಾಕಿ ನೋಡಿದರೂ ಪರೀಕ್ಷೆ ವಿಷವನ್ನೇ ತೋರಿಸಿತು. ಕಾಕಿಯ ಹಾಲಿಗೆಂದು ತೆರೆದ ಹೊಸ ದ್ರಾವಣದ ಸೀಸೆಗೆ ಹೋಲಿಕೆಗೆಂದು ಪ್ರಯೋಗಾಲಯದಲ್ಲಿಟ್ಟಿದ್ದ ವಿಷ ಮುಟ್ಟಿದ ನನ್ನ ಕೈಗವಸಿನಿಂದಲೇ ವಿಷ ತಾಗಿತ್ತು. ಗವಸು ಬದಲಿಸಲು ನನಗೆ ಬೇಸರವಾಗಿತ್ತು, ಅಷ್ಟೇ. ಉಳಿದಿದ್ದ ಹಾಲನ್ನು ಬೇರೆ ದ್ರಾವಣದಲ್ಲಿ ಮೂರು ಸಲ ಪರೀಕ್ಷಿಸಿದೆ. ಏನೂ ಇರಲಿಲ್ಲ.

ಹೇಳಲೆಂದೇ ಊರಿಗೆ ಹೋದೆ. ಹಿಂದಿನ ವರ್ಷ ಕಾಕಿಯ ಮೂರು ತಿಂಗಳ ಮೊಮ್ಮಗು ತೀರಿಕೊಂಡಿತ್ತು. ತಾಯಿಯ ಹಾಲು ಸಾಲದೆ ಕಾಕಿಯೇ ಅದಕ್ಕೆ ಎಮ್ಮೆಯ ಹಾಲು ಕುಡಿಸುತ್ತಿದ್ದಳು. ನನ್ನನ್ನು ಕಂಡವಳೇ ಕೇಳಿದಳು:

"ಸುಮಾ, ನಮ್ಮ ಕೂಸಿಗೂ ಇದ ಹಾಲು ಕುಡಿಸಿದ್ನೆವಾ. ಅದಕ್ಕ ಹೋತೇನು ಅದು?"

ಇಲ್ಲ ಎನ್ನಬೇಕಿತ್ತು. ಆದರೆ ನನ್ನ ಪಿಎಚ್‌ಡಿ ಗೈಡ್ ಸರ್‌ಗೆ ಗೊತ್ತಾದರೆ — ನನ್ನ ಪಿಎಚ್‌ಡಿ, ನನ್ನ ಹೆಸರು —

"ಹೇಳಾಕ ಬರೂದಿಲ್ಲ, ಕಾಕಿ," ಅಂದೆ.

ಆ ಕೂಸಿನ ತಾಯಿ, ಕಾಕಿಯ ಸೊಸೆ ಗಂಗವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮುಂದೆ ಹುಟ್ಟಿದ ಮಗಳನ್ನು ಅವಳು ಅತ್ತೆಯ ತೊಡೆಯ ಮೇಲೆ ಮಲಗಿಸಲಿಲ್ಲ. ಅದೇ ಊರಲ್ಲಿ ಬೇರೆ ಮನೆ ಮಾಡಿದಳು. ಕಾಕಿ ಎಮ್ಮೆ ಮಾರಿದಳು. ಅವ್ವ ಇದನ್ನೆಲ್ಲ ಹೇಳುವಾಗ ನಾನು ಮಾತು ಬದಲಿಸುತ್ತಿದ್ದೆ.

ಹೋದ ತಿಂಗಳು ಅವ್ವ ಫೋನಿನಲ್ಲಿ ಹೇಳಿದಳು: ಪಂಚಮಿಗೆ ಕಾಕಿ ಮೊಮ್ಮಗಳಿಗೆಂದು ಉಂಡಿ ಕಟ್ಟಿ ಒಯ್ದಿದ್ದಳಂತೆ. ಗಂಗವ್ವ ಡಬ್ಬಿಯ ಮುಚ್ಚಳವನ್ನೂ ತೆರೆಯದೆ ವಾಪಸು ಕೊಟ್ಟಳಂತೆ. ಮರುದಿನವೇ ಸಂಶಿಯ ಬಸ್ಸು ಹತ್ತಿದೆ.

ಕಾಕಿ ಜೋಳ ಹಸನು ಮಾಡುತ್ತಿದ್ದಳು. ನಾನು ಎಲ್ಲ ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಮೊರವನ್ನು ಬದಿಗಿಟ್ಟಳು. ಬೈಯಲಿಲ್ಲ — ಬೈದಿದ್ದರೆ...

"ನನಗ ಹೇಳಿದಿ. ಇನ್ನ ಅಕಿಗೂ ಹೇಳು ಹೋಗು," ಅಂದಳು.

ಹೋದೆ. ಗಂಗವ್ವ ನಿಂತುಕೊಂಡೇ ಕೇಳಿದಳು. "ಇನ್ನೊಮ್ಮೆ ಹೇಳ್ರಿ," ಅಂದಳು. ಇನ್ನೊಮ್ಮೆ ಹೇಳಿದೆ. ಅವಳು ಹೊಸ್ತಿಲ ಮೇಲೆ ಕೂತಳು.

"ನಾ ಈಗ ಅತ್ತಿ ಮಾರಿ ಹೆಂಗ ನೋಡ್ಲಿರಿ, ಅಕ್ಕಾ?"

ಅವಳ ಮಗಳು ಶಾಲೆಯಿಂದ ಬರುವ ಹೊತ್ತಾಗಿತ್ತು. ಆ ಹುಡುಗಿಯ ಮುಖ ನೋಡುವ ಧೈರ್ಯ ಸಾಲದೆ, ಅವಳು ಬರುವ ಮೊದಲೇ ಎದ್ದು ಬಂದೆ.