ಖಾಲಿ ಮಹಡಿಯ ತಂಪು

ಕರೆಂಟು ಪೋಲಾಗುವುದನ್ನು ಕಂಡರೆ ಸತ್ಯಭಾಮಾ ಅವರಿಗೆ ತಟ್ಟೆಯಲ್ಲಿ ಬಿಟ್ಟ ಅನ್ನ ಕಂಡಷ್ಟೇ ಸಂಕಟ. ವಿದ್ಯುತ್ ಇಂಜಿನಿಯರಾಗಿ ನಿವೃತ್ತರಾದ ಮೇಲೂ ಜಯನಗರದ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಆಫೀಸುಗಳಲ್ಲಿ ವಿದ್ಯುತ್ ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂದು ತಪಾಸಣೆ ಮಾಡಿ ವರದಿ ಕೊಡುವ ಕೆಲಸ ಹಿಡಿದಿದ್ದರು. ಹೋದಲ್ಲೆಲ್ಲ ಏಣಿ ಹತ್ತಿ ಫಾಲ್ಸ್ ಸೀಲಿಂಗಿನೊಳಗೆ ತಲೆ ತೂರಿಸುವವರು ಅವರೇ. ಸೀರೆಯ ನೆರಿಗೆಗೆ ಸೀಲಿಂಗಿನ ಧೂಳು ಅಂಟಿದ್ದರೆ ಅವತ್ತು ಕೆಲಸ ಚೆನ್ನಾಗಿ ಆಯಿತೆಂದೇ ಮನೆಯವರಿಗೆ ಲೆಕ್ಕ.

ಜೆ.ಪಿ. ನಗರದ ಆ ಗಾಜಿನ ಕಟ್ಟಡಕ್ಕೆ ಅವರನ್ನು ಕರೆಸಿದ್ದು ಅಲ್ಲಿಯ ನಿರ್ವಹಣೆ ನೋಡಿಕೊಳ್ಳುತ್ತಿದ್ದ ರವಿಕಿರಣ್. ಕಂಪನಿಗೆ ಪರಿಸರಸ್ನೇಹಿ ಎಂಬ ಫಲಕ ಬೇಕಾಗಿತ್ತು, ಅದಕ್ಕೆ ತಪಾಸಣೆಯ ವರದಿ ಬೇಕಾಗಿತ್ತು. ಹುಡುಗ ನಯವಾಗಿ ಮಾತಾಡುತ್ತಿದ್ದ. ಒಂದೇ ವರ್ಷದಲ್ಲಿ ಎಷ್ಟೊಂದು ಉಳಿತಾಯ ಮಾಡಿದ್ದೇವೆ ನೋಡಿ ಎಂದು ಪರದೆಯ ಮೇಲೆ ಹಸಿರು ಬಣ್ಣದ ಚಿತ್ರಗಳನ್ನು ಒಂದಾದಮೇಲೊಂದು ತೋರಿಸಿದ.

ಸತ್ಯಭಾಮಾ ಚಿತ್ರ ನಂಬುವವರಲ್ಲ. ಭಾನುವಾರ ಕಟ್ಟಡದಲ್ಲಿ ಸೆಕ್ಯುರಿಟಿಯವರ ಹೊರತು ಯಾರೂ ಇಲ್ಲದಾಗ ಬಂದು ಮೀಟರ್ ನೋಡಿದರು. ಅದು ಕೆಲಸದ ದಿನ ಓಡುವ ಹಾಗೇ ಓಡುತ್ತಿತ್ತು. ಯಾವ ಲೈನಿನಲ್ಲಿ ಕರೆಂಟು ಹರಿಯುತ್ತಿದೆ ಎಂದು ಒಂದೊಂದಾಗಿ ಪರೀಕ್ಷಿಸುತ್ತ ನಾಲ್ಕನೇ ಮಹಡಿಗೆ ಬಂದು ಬಾಗಿಲು ತೆಗೆಸಿದರೆ, ಐಸ್ ಪೆಟ್ಟಿಗೆಯೊಳಗೆ ಕಾಲಿಟ್ಟ ಹಾಗಾಯಿತು. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಪ್ಲಾಸ್ಟಿಕ್ ಹೊದಿಸಿದ ಚರ್ಮದ ಸೋಫಾಗಳು, ಇನ್ನೂ ಯಾರೂ ಕೂರದ ಕುರ್ಚಿಗಳು. ಅವುಗಳ ಮೇಲೆ ಎ.ಸಿ. ಗುಂಯ್ ಎನ್ನುತ್ತಿತ್ತು.

ಮಾರನೆಯ ದಿನ ಕೇಳಿದಾಗ ರವಿಕಿರಣ್ ತಲೆ ಕೆರೆದುಕೊಂಡ. "ಇಂಪೋರ್ಟೆಡ್ ಲೆದರ್ ಮೇಡಂ. ಎ.ಸಿ. ನಿಲ್ಲಿಸಿದ್ರೆ ಫಂಗಸ್ ಬರುತ್ತೆ. ಕ್ಲೈಂಟ್ಸ್ ಬಂದ್ರೆ ಚೆನ್ನಾಗಿರಲ್ಲ."

ಹಾಗಾದರೆ ಉಳಿತಾಯ ಆದದ್ದೆಲ್ಲಿ? ಅದು ಗೊತ್ತಾದದ್ದು ನೆಲಮಾಳಿಗೆಯಲ್ಲಿ. ಜನರೇಟರ್ ಕೋಣೆಯ ಪಕ್ಕ, ಕಸದ ಡ್ರಮ್ಮುಗಳನ್ನು ದಾಟಿ ಹೋದರೆ ಒಂದು ಕಿಟಕಿಯಿಲ್ಲದ ಕೋಣೆ. ಗುಡಿಸಿ ಒರೆಸುವ ಹೆಂಗಸರು ಮಧ್ಯಾಹ್ನ ಅಲ್ಲಿ ಊಟಕ್ಕೆ ಕೂತಿದ್ದರು. ಬಾಗಿಲಲ್ಲೇ ಒದ್ದೆ ಮಾಪು, ಡೀಸೆಲ್ಲು, ಹಳಸಿದ ಸಾರು, ಚರಂಡಿ ಎಲ್ಲ ಕಲೆತ ವಾಸನೆ ಮುಖಕ್ಕೆ ಹೊಡೆಯಿತು. ಸತ್ಯಭಾಮಾ ಅವರ ಕೈ ತಾನಾಗಿ ಸೆರಗನ್ನು ಮೂಗಿಗೆ ಒಯ್ದಿತು. ಅದನ್ನು ಕಂಡ ಒಬ್ಬಾಕೆ ತನ್ನ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು, ವಾಸನೆ ತನ್ನ ಊಟದ್ದೇ ಎಂಬಂತೆ. ಸತ್ಯಭಾಮಾ ಸೆರಗು ಕೆಳಗೆ ಬಿಟ್ಟರು. ಒಳಗೆ ಹೋಗಿ ಆಕೆಯ ಪಕ್ಕದಲ್ಲೇ ಕೂತು ಮಾತಿಗೆ ಎಳೆದರು.

ಆಕೆಯ ಹೆಸರು ಮಂಗಮ್ಮ, ಸಾರಕ್ಕಿಯವಳು. ಮೊದಲು ಇಲ್ಲಿ ಫ್ಯಾನುಗಳಿದ್ದವು, ಗಾಳಿ ಹೊರಗೆ ತಳ್ಳುವ ಎಕ್ಸಾಸ್ಟೂ ಇತ್ತು, ಕರೆಂಟು ಉಳಿಸಬೇಕು ಅಂತ ಎಲ್ಲ ಬಿಚ್ಚಿಕೊಂಡು ಹೋದರು ಎಂದಳು. ಸೂರಿನಲ್ಲಿ ಕೊಕ್ಕೆಗಳು ಖಾಲಿಯಾಗಿ ನೇತಾಡುತ್ತಿದ್ದವು. ಹಸಿರು ಚಿತ್ರಗಳಲ್ಲಿ ಸಿಬ್ಬಂದಿಯ ಶಿಸ್ತಿನಿಂದಾದ ಉಳಿತಾಯ ಎಂದು ಬರೆದಿದ್ದದ್ದು ಇದನ್ನೇ.

 ಆ ದಿನ ಮೇಲೆ ತಮಗಾಗಿ ತರಿಸಿಟ್ಟಿದ್ದ ಊಟವನ್ನು ಸತ್ಯಭಾಮಾ ಅವರಿಂದ ಮುಟ್ಟಲಾಗಲಿಲ್ಲ. ವರದಿಯ ಕೊನೆಯ ಮೀಟಿಂಗನ್ನು ನೆಲಮಾಳಿಗೆಯ ಕೋಣೆಯಲ್ಲೇ ನಡೆಸಬೇಕು, ಇಲ್ಲವಾದರೆ ಸಹಿ ಹಾಕುವುದಿಲ್ಲ ಎಂದು ಹೇಳಿ ಹೊರಟುಬಿಟ್ಟರು.

ಫಲಕದ ಆಸೆಗೆ ನಿರ್ದೇಶಕ ಮಹಾಂತೇಶ್ ಒಪ್ಪಿದರು. ಕುರ್ಚಿ ಹಾಕಿದರು, ರೂಮ್ ಫ್ರೆಶ್ನರ್ ಹೊಡೆದರು. ಮಲ್ಲಿಗೆಯ ಘಾಟು ಚರಂಡಿಯ ಜೊತೆ ಸೇರಿ ಇನ್ನೂ ಅಸಹ್ಯವಾಯಿತು. ಸತ್ಯಭಾಮಾ ಅವಸರವಿಲ್ಲದೆ ವರದಿ ಓದಿದರು. ನಿರ್ದೇಶಕರ ಅಂಗಿ ಬೆನ್ನಿಗೆ ಅಂಟಿತು, ಮುಖ ಕೆಂಪಾಯಿತು.

"ಮಿಕ್ಕಿದ್ದು ಮೇಲೆ ಹೋಗಿ ಮಾತಾಡೋಣ ಮೇಡಂ," ಎಂದರು ಮೂಗಿಗೆ ಒತ್ತಿಹಿಡಿದ ಕರ್ಚೀಫಿನ ಒಳಗಿಂದ.

"ಗುಡಿಸಿ ಒರೆಸೋರು ದಿನಾ ಇಲ್ಲೇ ಊಟ ಮಾಡ್ತಾರೆ ಸಾರ್. ನಮಗೆ ಮಾತಾಡೋಕಾಗಲ್ವಾ?"

ವಾರದೊಳಗೆ ಫ್ಯಾನುಗಳು ಮರಳಿದವು, ಸತ್ಯಭಾಮಾ ಸಹಿ ಹಾಕಿದರು, ಕಂಪನಿಗೆ ಫಲಕವೂ ಬಂತು. ಕೆಲಸದವರ ಯೋಗಕ್ಷೇಮ ಎಂಬ ಹೆಸರಿನಲ್ಲಿ ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು. ಅದರಲ್ಲಿ ನಿಲ್ಲಲು ಕರೆದಾಗ ಸತ್ಯಭಾಮಾ ಮೈಗೆ ಹುಷಾರಿಲ್ಲ ಎಂದರು. ಅದು ಸುಳ್ಳೂ ಆಗಿರಲಿಲ್ಲ.

ಕೆಲವು ತಿಂಗಳ ಮೇಲೆ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದಾಗ ಮಂಗಮ್ಮ ಸಿಕ್ಕಳು. ಫ್ಯಾನು ಹೇಗಿದೆ ಎಂದರೆ ನಕ್ಕಳು. "ಮೇಲ್ಗಡೆ ಅದೇನೋ ಕಣ್ಣಿನಂಥದ್ದು ಹಾಕವ್ರೆ ಮೇಡಂ. ನಾವು ಅಲುಗಾಡದೆ ಕೂತ್ರೆ ನಿಂತೋಗುತ್ತೆ. ಒಬ್ಳು ತಿಂತಿದ್ರೆ ಇನ್ನೊಬ್ಳು ಕೈ ಬೀಸ್ತಾ ಇರ್ತೀವಿ."

ಜನರಿಲ್ಲದಾಗ ತಾನೇ ಎ.ಸಿ. ಆರಿಸುವ ಸೆನ್ಸರನ್ನು ನಾಲ್ಕನೇ ಮಹಡಿಗೆ ಹಾಕಿ ಎಂದು ಬರೆದುಕೊಟ್ಟವರು ಸತ್ಯಭಾಮಾ ಅವರೇ. ಸೋಫಾಗಳನ್ನು ಬಿಟ್ಟು ಅದನ್ನು ನೆಲಮಾಳಿಗೆಗೆ ತಂದು ಹಚ್ಚಿದ್ದರು. ಸೊಪ್ಪಿನ ಕಟ್ಟನ್ನು ಅಂಗಡಿಯವಳಿಗೆ ವಾಪಸು ಕೊಟ್ಟು ಅವರು ಆಟೋ ಹತ್ತಿದರು.

ರವಿಕಿರಣ್ ನೆಲಮಾಳಿಗೆಗೆ ಓಡಿಬರುವಷ್ಟರಲ್ಲಿ ಅವರು ಬ್ರೇಕರ್ ಇಳಿಸಿ, ಕುರ್ಚಿಯ ಮೇಲೆ ನಿಂತು, ಪರ್ಸಿನಲ್ಲಿದ್ದ ಸ್ಕ್ರೂಡ್ರೈವರಿನಿಂದ ಸೆನ್ಸರ್ ಬಿಚ್ಚಿ ತಂತಿಗಳನ್ನು ನೇರ ಸ್ವಿಚ್ಚಿಗೆ ಸೇರಿಸುತ್ತಿದ್ದರು. ಹೀಗೆಲ್ಲ ಮಾಡೋ ಹಾಗಿಲ್ಲ ಮೇಡಂ ಎಂದು ಅವನು ಮೆಲ್ಲಗೆ ಹೇಳಿದ. ಅವರು ಕೆಳಗಿಳಿದು ಸೆನ್ಸರನ್ನು ಅವನ ಅಂಗೈಯಲ್ಲಿಟ್ಟರು.

"ಇದನ್ನ ತಗೊಂಡೋಗಿ ಸೋಫಾ ಹತ್ರ ಹಾಕು. ಮತ್ತೆ ಇಲ್ಲಿ ಹಾಕಿದ್ರೆ, ನನ್ನ ಸಹಿ ವಾಪಸ್ ತಗೋತೀನಿ ಅಂತ ಫಲಕ ಕೊಟ್ಟೋರಿಗೇ ಬರೀತೀನಿ."

ಮುಂದಿನ ವರ್ಷದ ತಪಾಸಣೆಗೆ ಕಂಪನಿ ಬೇರೆಯವರನ್ನು ಹಿಡಿಯಿತು. ನಾಲ್ಕನೇ ಮಹಡಿ ಈಗಲೂ ತಣ್ಣಗೇ ಇದೆಯಂತೆ. ನೆಲಮಾಳಿಗೆಯಲ್ಲಿ ಮಾತ್ರ ಮಂಗಮ್ಮ ಕೈ ಬೀಸುವ ಗೋಜಿಲ್ಲದೆ ಫ್ಯಾನಿನ ಕೆಳಗೆ ಊಟ ಮಾಡುತ್ತಾಳೆ.