ಎರಡು ಹೋಳಾದ ನಿಘಂಟು

ಅಪ್ಪನ ಟ್ರಂಕಿನ ಮುಗ್ಗಲು ವಾಸನೆ ಇಂದು ನನ್ನನ್ನು ತಿಕೋಟಾದ ನಮ್ಮ ಕಟ್ಟೆಗೆ ಒಯ್ದು ಕೂರಿಸಿತು.

ಪದಬಂಧ ಬಿಡಿಸಲು ಅಪ್ಪ ಮತ್ತು ಪಕ್ಕದ ಮನೆಯ ದರ್ಜಿ ಖಾದರ್ ಚಾಚಾ ಕೂಡಿ ಒಂದೇ ನಿಘಂಟು ಕೊಂಡಿದ್ದರು. ಜಗಳ ತಪ್ಪಲೆಂದು ಚಾಚಾ ಅದನ್ನು ಬಟ್ಟೆಯ ಕತ್ತರಿಯಿಂದ ಶಾಸ್ತ್ರೋಕ್ತವಾಗಿ ಎರಡು ಹೋಳು ಮಾಡಿದರು. ‘ನ’ದವರೆಗೆ ಅಪ್ಪನದು, ‘ಪ’ದಿಂದ ಮುಂದಿನದೆಲ್ಲ ಚಾಚಾನದು.

“ಖಾದರ್, ‘ಮ’ದಿಂದ ಮೂರಕ್ಷರ, ಹಂಸ ಅಂತ ಅರ್ಥ. ನೋಡ್ಲೇ,” ಎಂದು ಅಪ್ಪ ಗೋಡೆಯಾಚೆ ಕೂಗುತ್ತಿದ್ದರು.

“ಮೊದ್ಲ ಸೋತೆ ಅನ್ನು ಮಾಸ್ತರ, ಆಮ್ಯಾಲ ನೋಡ್ತೀನಿ.”

ಚಾಚಾ ತೀರಿಕೊಂಡ ಮೇಲೆ ಚಾಚಿ ಆ ಹೋಳನ್ನು ದಾರದಿಂದ ಕಟ್ಟಿ ತಂದುಕೊಟ್ಟರು. ಆಮೇಲೂ ಅಪ್ಪ ‘ಪ’ದಿಂದ ಮುಂದಿನ ಪದಗಳ ಚೌಕಗಳನ್ನು ಖಾಲಿಯೇ ಬಿಡುತ್ತಿದ್ದರು.

“ಯಪ್ಪಾ, ಪುಸ್ತಕ ಐತಲ್ಲಾ, ನೋಡಬಾರ್ದೇನು?” ಎಂದೆ.

“ಸೋತೆ ಅಂತ ಯಾರ ಮುಂದ ಹೇಳ್ಲಿ?” ಎಂದರು.

ಟ್ರಂಕಿನಲ್ಲಿ ಚಾಚಿ ಹಾಕಿದ ಗಂಟು ಹಾಗೇ ಇದೆ.